ಸ್ಪ್ಯಾನಿಷ್ಷಿನಲ್ಲಿದ್ದ ಅಪ್ಪ

ನಾಗಮಂಗಲದ ಬಸ್ ಸ್ಟ್ಯಾಂಡಿನ ಎದುರು ಒಂದು ಬೇಕರಿ ಇದೆ. ಬೆಳಿಗ್ಗೆ ಅಲ್ಲಿ ಬನ್ನು ಒಲೆಯಿಂದ ಈಚೆ ಬರುವ ಹೊತ್ತಿಗೆ ಸರಿಯಾಗಿ ನಾನು ಆಸ್ಪತ್ರೆಯ ಲ್ಯಾಬಿನ ಕೆಲಸಕ್ಕೆ ಹೋಗಲು ಬಸ್ಸಿಗೆ ಕಾಯುತ್ತಾ ನಿಂತಿರುತ್ತೇನೆ. ಆ ವಾಸನೆ ಮೂಗಿಗೆ ಬಡಿದ ಕೂಡಲೇ ನನ್ನ ಬಾಯಿ, ನನ್ನ ಅಪ್ಪಣೆಗೂ ಕಾಯದೆ, ಒಂದು ಮಾತು ಹೇಳುತ್ತದೆ: “ಮಿ ಪಾದ್ರೆ ಎಸ್ ಪನದೇರೊ.” ಮೊನ್ನೆ ಸ್ವಲ್ಪ ಜೋರಾಗಿಯೇ ಹೇಳಿಬಿಟ್ಟೆ ಅಂತ ಕಾಣುತ್ತೆ. ಪಕ್ಕದಲ್ಲಿ ಸೊಪ್ಪಿನ ಗಂಟು ಹಿಡಿದು ನಿಂತಿದ್ದ ಹೆಂಗಸು “ಏನಂದ್ರವ್ವಾ?” ಅಂದಳು. “ಏನಿಲ್ಲ ಕಣಕ್ಕ, ಸ್ಕೂಲಲ್ಲಿ ಕಲಿತಿದ್ದ ಪಾಠ” ಅಂದೆ. ಅವಳು ನನ್ನನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿ ಗಂಟನ್ನು ಆ ಕಡೆಗೆ ಸರಿಸಿಕೊಂಡಳು.

ಅದು ಸ್ಪ್ಯಾನಿಷ್ ಭಾಷೆ. ನನ್ನ ಅಪ್ಪ ಬೇಕರಿಯವರು ಅಂತ ಅದರ ಅರ್ಥ. ನನ್ನ ಅಪ್ಪ ಬೇಕರಿಯವರಲ್ಲ. ಕೆ.ಆರ್.ಪೇಟೆಯಲ್ಲಿ ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳಿಗೆ ತಂತಿ ಸುತ್ತಿಕೊಡುವ ಅಂಗಡಿ ಅವರದು. ನಾನು ಐದನೇ ಕ್ಲಾಸಿನಲ್ಲಿದ್ದಾಗ ಅಲ್ಲಿಗೆ ಹೋದವರು ಅಲ್ಲೇ ಇನ್ನೊಂದು ಸಂಸಾರ ಹೂಡಿಕೊಂಡು ನಿಂತುಬಿಟ್ಟರು. ಇದನ್ನು ಈಗ ಇಷ್ಟು ಸಲೀಸಾಗಿ ಬರೆಯುತ್ತಿದ್ದೇನೆ. ಎಂಟನೇ ಕ್ಲಾಸಿನ ಆ ವರ್ಷ ಇದನ್ನು ಯಾವ ಭಾಷೆಯಲ್ಲೂ ಬಾಯಿ ಬಿಟ್ಟು ಹೇಳಲು ನನಗೆ ಬರುತ್ತಿರಲಿಲ್ಲ.

ಆ ವರ್ಷವೇ ಅವ್ವ ಹಟ ಹಿಡಿದು ನನ್ನನ್ನು ಊರಿನ ಸರ್ಕಾರಿ ಸ್ಕೂಲು ಬಿಡಿಸಿ, ಪಾಂಡವಪುರದಿಂದ ಶ್ರೀರಂಗಪಟ್ಟಣಕ್ಕೆ ಹೋಗುವ ದಾರಿಯಲ್ಲಿದ್ದ ಇಂಗ್ಲಿಷ್ ಸ್ಕೂಲಿಗೆ ಹಾಕಿದ್ದು. ಎರಡು ಹಸು, ಒಂದಿಷ್ಟು ಗದ್ದೆ, ಬಾಯಿ ಜೋರಿನ ಅಜ್ಜಿ, ಇವಿಷ್ಟನ್ನು ಇಟ್ಟುಕೊಂಡು ಅವ್ವ ಯಾವ ಧೈರ್ಯದ ಮೇಲೆ ಹಾಕಿದಳೋ. ಮೊದಲ ವಾರವೆಲ್ಲ ನಾನು ಕಣ್ಣು ಕಣ್ಣು ಬಿಡುತ್ತಾ ಕೂತಿದ್ದೆ. ಸೈನ್ಸ್ ಇಂಗ್ಲಿಷು, ಸೋಶಿಯಲ್ ಇಂಗ್ಲಿಷು, ನೀರು ಕುಡಿಯಲು ಹೋಗಬೇಕೆಂದರೂ ಇಂಗ್ಲಿಷು. ಹಿಂದಿಯ ಮೇಷ್ಟರು ಒಂದು ಪುಟ ಓದಿಸಿದರು. ಮೂರನೇ ಸಾಲಿಗೆ ತಲುಪುವಷ್ಟರಲ್ಲಿ ಕ್ಲಾಸೆಲ್ಲ ಮುಸಿಮುಸಿ ನಗುತ್ತಿತ್ತು. ಪಾಂಡವಪುರದ ಲಾಯರ ಮಗ ಮಧು ಮುಸಿಮುಸಿ ಅಲ್ಲ, ಹಲ್ಲು ಬಿಟ್ಟೇ ನಕ್ಕ. ಅವೆಲ್ಲಕ್ಕಿಂತ ಕಷ್ಟವಾಗಿದ್ದು ಹೊಸ ಸ್ಕೂಲಿನಲ್ಲಿ ಸಿಕ್ಕವರೆಲ್ಲ ಕೇಳುತ್ತಿದ್ದ “ಫಾದರ್ ಏನ್ ಮಾಡ್ತಾರೆ?” ಅನ್ನುವ ಪ್ರಶ್ನೆ. ಮೋಟಾರು ಕೆಲಸ ಅಂದರೆ ಎಲ್ಲಿ ಅನ್ನುತ್ತಿದ್ದರು. ಕೆ.ಆರ್.ಪೇಟೆ ಅಂದರೆ ದಿನಾ ಹೋಗಿ ಬರ್ತಾರಾ ಅನ್ನುತ್ತಿದ್ದರು. ಅಲ್ಲಿಗೆ ನನ್ನ ಮಾತು ನಿಂತು ಹೋಗುತ್ತಿತ್ತು.

ಅಷ್ಟರಲ್ಲಿ ಸ್ಕೂಲಿನ ಸೆಕ್ರೆಟರಿ ಸಾರ್‌ಗೆ ಮೈಸೂರಿನ ದೊಡ್ಡ ಶಾಲೆಗಳಲ್ಲಿ ವಿದೇಶಿ ಭಾಷೆ ಕಲಿಸುತ್ತಾರೆಂದು ಗೊತ್ತಾಯಿತು. ತಿಂಗಳೊಳಗೆ ಗೇಟಿನ ಮೇಲೆ ಬಣ್ಣದ ಬೋರ್ಡು ಬಂತು. ಮೂರನೇ ಭಾಷೆಯಾಗಿ ಹಿಂದಿ ಬೇಡದವರು ಸ್ಪ್ಯಾನಿಷ್ ತೆಗೆದುಕೊಳ್ಳಬಹುದು! ನಮ್ಮೂರ ಕಡೆಯ ಜನಕ್ಕೆ ತಲೆ ಬುಡ ತಿಳಿಯಲಿಲ್ಲ. ಅವ್ವ ಅದನ್ನು ಕಂಪ್ಯೂಟರ್ ಕೋರ್ಸು ಅಂದುಕೊಂಡು ಸಂತೋಷಪಟ್ಟಳು. ಅಜ್ಜಿ ಮಾತ್ರ ಬಿಡಲಿಲ್ಲ.

“ಅದ್ಯಾವ ಸೀಮೆ ಬಾಸೆ ಕಣಮ್ಮಿ? ನಮ್ ಕಡೆ ಯಾರ್ ಆಡ್ತಾರೆ ಅದ?”

“ಯಾರೂ ಆಡಲ್ಲ ಅಜ್ಜಿ.”

“ಮತ್ತೆ ಕಲ್ತು ಯಾರ್ ತಾವ ಆಡ್ತೀಯೆ, ಎಮ್ಮೆ ತಾವ?”

ನಮ್ಮಲ್ಲಿ ಎಮ್ಮೆಯೂ ಇರಲಿಲ್ಲ. ನನಗೆ ಹಿಂದಿಯಿಂದ ತಪ್ಪಿಸಿಕೊಂಡರೆ ಸಾಕಾಗಿತ್ತು. ನನ್ನಂತೆ ಬೇರೆ ಬೇರೆ ಕಾರಣಕ್ಕೆ ಹಿಂದಿಗೆ ಹೆದರಿದವರು, ಮಧುವಿನಂತೆ ಶೋಕಿಗೆ ಬಂದವರು, ಎಲ್ಲ ಸೇರಿ ಹದಿನಾರು ಜನ ಸ್ಪ್ಯಾನಿಷ್ ಕ್ಲಾಸಿಗೆ ಸೇರಿದೆವು.

ಕಲಿಸಲು ಬಂದವರು ಶುಭಾ ಮಿಸ್ಸು. ಹೊಣಕೆರೆ ಕಡೆಯವರು. ಮೈಸೂರಿನಲ್ಲಿ ಸ್ಪ್ಯಾನಿಷ್ ಕಲಿತು, ಬೆಂಗಳೂರಿನ ಯಾವುದೋ ಆಫೀಸಿನಲ್ಲಿ ಮೆಕ್ಸಿಕೋದವರ ಜತೆ ಫೋನಿನಲ್ಲಿ ಮಾತಾಡುವ ಕೆಲಸ ಮಾಡಿ, ಅದು ಸಾಕಾಗಿ ಊರಿಗೆ ಬಂದಿದ್ದರು. ಕಾಟನ್ ಸೀರೆ, ತೋಳಿಗೆ ಟಿಫಿನ್ ಬ್ಯಾಗು, ಎರಡು ಬಸ್ಸು ಬದಲಾಯಿಸಿ ಬಂದ ಸುಸ್ತು. ಇವರು ವಿದೇಶಿ ಭಾಷೆ ಕಲಿಸುತ್ತಾರೆಂದು ಯಾರೂ ನಂಬುವಂತಿರಲಿಲ್ಲ. ಮೊದಲ ದಿನ “ಬುವೆನೊಸ್ ದಿಯಾಸ್” ಅಂದರು. ನಾವು ಹದಿನಾರು ಜನವೂ ಒಟ್ಟಿಗೆ ಬೆಬ್ಬೆಬ್ಬೆ ಅಂದೆವು. ಅವತ್ತು ನನಗಾದ ಸಂತೋಷ ಇವತ್ತಿಗೂ ನೆನಪಿದೆ. ಇಂಗ್ಲಿಷನ್ನು ಅರಳು ಹುರಿದಂತೆ ಮಾತಾಡುವ ಮಧುವಿಗೂ ಅದು ಬರುತ್ತಿರಲಿಲ್ಲ! ಆ ಕೋಣೆಯೊಳಗೆ ನಾನೂ ಅವನೂ ಒಂದೇ. ಅಲ್ಲಿ ಯಾರೂ “ನಿಮ್ಮಪ್ಪ ಏನ್ ಮಾಡ್ತಾರೆ” ಅಂತ ಕೇಳುವಂತೆಯೂ ಇರಲಿಲ್ಲ, ಹಾಗೆ ಕೇಳಲು ಬೇಕಾದ ಮಾತೇ ನಮಗಿನ್ನೂ ಗೊತ್ತಿರಲಿಲ್ಲ.

ಆದರೆ ಆಷಾಢ ಕಳೆಯುವ ಹೊತ್ತಿಗೆ ಭಾಷೆ ಬೆಳೆಯುತ್ತಾ ಹೋಯಿತು. ಪುಸ್ತಕದಲ್ಲಿ ಒಂದೊಂದು ಪಾಠಕ್ಕೂ ಒಂದು ಕಂತೆ ಪದ. ಮೇಜು ಹೆಣ್ಣಂತೆ, ಪುಸ್ತಕ ಗಂಡಂತೆ. ಯಾಕೆ ಅಂದರೆ ಮಿಸ್ಸು “ಅದು ಹಾಗೇ” ಅನ್ನುತ್ತಿದ್ದರು. ನಾಲೆಗೆ ನೀರು ಬಿಟ್ಟಿದ್ದರು, ಹೊರಗೆ ಜಡಿ ಮಳೆ, ಗದ್ದೆ ಬಯಲಿನಲ್ಲೆಲ್ಲ ನಾಟಿ. ಕ್ಲಾಸಿನಲ್ಲಿ ಅರ್ಧಕ್ಕರ್ಧ ಮಕ್ಕಳು ಬೆಳಿಗ್ಗೆ ಸಸಿ ಕಟ್ಟು ಹೊತ್ತು ಹಾಕಿ, ಕಾಲು ತೊಳೆದುಕೊಂಡು ಸ್ಕೂಲಿಗೆ ಬರುವವರು. ನಾನು ಸಂಜೆ ದೀಪದ ಕೆಳಗೆ ಪುಸ್ತಕ ತೆಗೆದು ಅಳುಮುಖ ಮಾಡಿಕೊಂಡಿದ್ದನ್ನು ಅಜ್ಜಿ ನೋಡಿದಳು.

“ಅಷ್ಟೂವ ನೀನೊಬ್ಳೇ ಎಂಗ್ ಕಲ್ತೀಯೆ? ನಾವೇನ್ ಒಬ್ಬೊಬ್ರೇ ನಾಟಿ ಆಕ್ತೀವಾ? ಮುಯ್ಯಾಳು ಮಾಡ್ಕಳಿ ಅತ್ಲಾಗೆ.”

ಮುಯ್ಯಾಳು ಅಂದರೆ ನಮ್ಮ ಕಡೆ ಕೂಲಿಯಿಲ್ಲದ ಕೆಲಸ. ಇವತ್ತು ನೀವು ನಮ್ಮ ಗದ್ದೆಗೆ ಬನ್ನಿ, ನಾಳೆ ನಾವು ನಿಮ್ಮ ಗದ್ದೆಗೆ ಬರುತ್ತೇವೆ. ಕೈಗೆ ಕೈ, ಆಳಿಗೆ ಆಳು. ಅಜ್ಜಿ ಕೋಪಕ್ಕೆ ಅಂದಳೋ ಬುದ್ಧಿ ಹೇಳಿದಳೋ ತಿಳಿಯಲಿಲ್ಲ, ಆದರೆ ನನಗದು ಭಾರಿ ಉಪಾಯವಾಗಿ ಕಂಡಿತು. ಮರುದಿನ ಆಯಿಷಾಳಿಗೆ ಹೇಳಿದೆ. ಆಯಿಷಾ ಶ್ರೀರಂಗಪಟ್ಟಣದವಳು, ಕೊನೆಯ ಬೆಂಚಿನಲ್ಲಿ ನನ್ನ ಹಿಂದೆ ಕೂರುತ್ತಿದ್ದಳು, ಸ್ಪ್ಯಾನಿಷ್ಷಿನ ಉರುಳುವ ಅಕ್ಷರಗಳೆಲ್ಲ ಅವಳ ನಾಲಿಗೆಗೆ ಸರಾಗವಾಗಿ ಬರುತ್ತಿದ್ದವು. “ಅರೆ, ಬೆಸ್ಟು!” ಅಂದಳು. ಮಧ್ಯಾಹ್ನದ ಊಟದ ಹೊತ್ತಿಗೆ ಹದಿನಾರು ಜನವೂ ಒಪ್ಪಿ ಆಗಿತ್ತು. ಮನೆ, ಸಂಸಾರದ ಪಾಠ ಆಯಿಷಾಳಿಗೆ. ಅಂಗಡಿ, ವ್ಯಾಪಾರ ಮಧುವಿಗೆ. ಬಸ್ಸು, ದಾರಿ, ಮಳೆ ಬಿಸಿಲು ನನಗೆ. ಉಳಿದವರಿಗೆ ಊಟ, ಕಾಯಿಲೆ, ಬಟ್ಟೆ, ಹೀಗೆ. ಅವರವರ ಪಾಠ ಅವರವರು ಚೆನ್ನಾಗಿ ಕಲಿತರಾಯಿತು.

ಅದು ಎಷ್ಟು ಚೆನ್ನಾಗಿ ನಡೆಯಿತೆಂದರೆ ನಮಗೇ ಆಶ್ಚರ್ಯ. ಮಿಸ್ಸು ಕ್ಲಾಸಿಗೆಲ್ಲ ಸೇರಿಸಿ ಪ್ರಶ್ನೆ ಕೇಳುತ್ತಿದ್ದರು. ಬಸ್ಸಿನ ಪ್ರಶ್ನೆ ಬಂದರೆ ನಾನು ಎದ್ದು ನಿಲ್ಲುತ್ತಿದ್ದೆ, ಬೆಲೆಯ ಪ್ರಶ್ನೆ ಬಂದರೆ ಮಧು. ಪರೀಕ್ಷೆಯಲ್ಲಿ ಅಕ್ಕಪಕ್ಕದವರ ಉಪಕಾರ ಇದ್ದೇ ಇತ್ತು. ಮಿಸ್ಸಿನ ಮುಖ ಅರಳುತ್ತಿತ್ತು. ಎರಡು ಬಸ್ಸಿನ ಸುಸ್ತೆಲ್ಲ ಎಲ್ಲಿ ಹೋಗುತ್ತಿತ್ತೋ. ಒಂದು ದಿನ ಕಾರಿಡಾರಿನಲ್ಲಿ ಸೆಕ್ರೆಟರಿ ಸಾರ್‌ಗೆ “ಸರ್, ನನ್ನ ಮಕ್ಕಳು ಮಾತಾಡ್ತಾರೆ” ಅಂತ ಹೇಳುತ್ತಿದ್ದುದನ್ನು ನಾನೇ ಕಿವಿಯಾರೆ ಕೇಳಿದೆ.

ದಸರಾ ರಜ ಮುಗಿದ ಮೇಲೆ ಸೆಕ್ರೆಟರಿ ಸಾರ್ ಕ್ಲಾಸಿಗೆ ಬಂದರು. ಬೋರ್ಡು ಹಾಕಿದ್ದರೂ ಅಡ್ಮಿಷನ್ನು ಅವರು ನೆನೆಸಿದಷ್ಟು ಏರಿರಲಿಲ್ಲ.

“ನೋಡಿ ಮಿಸ್, ಇವು ಕಲಿತಾವೋ ಬಿಟ್ಟಾವೋ ಇಲ್ಲಿ ಹೇಳೋರು ಯಾರು? ನೀವು ಸರಿ ಅಂದ್ರೆ ಸರಿ. ವರ್ಷದ ಕೊನೆಗೆ ಆ ಭಾಷೆಯವರನ್ನೇ ಒಬ್ಬರನ್ನ ಕರೆಸ್ತೀನಿ. ಒಬ್ಬೊಬ್ಬರನ್ನೇ ಕೂರಿಸಿಕೊಂಡು ಮಾತಾಡಿಸಲಿ. ಮಕ್ಕಳು ಮಾತಾಡಿದ್ರೆ ಒಂಬತ್ತಕ್ಕೂ ಹತ್ತಕ್ಕೂ ಸ್ಪ್ಯಾನಿಷ್ ಇರ್ತದೆ. ಇಲ್ದಿದ್ರೆ ಎಲ್ಲಾ ಹಿಂದಿಗೆ ಹೋಗ್ಲಿ.”

ಮಿಸ್ಸು ನಗುತ್ತಲೇ ಒಪ್ಪಿಕೊಂಡರು. ಹಿಂದಿಗೆ ಹೋಗುವುದೆಂದರೆ ನನಗೆ ಮತ್ತೆ ಆ ಮೂರನೇ ಸಾಲು, ಆ ನಗು. ಮಿಸ್ಸಿಗೆ ಕೆಲಸವೇ ಹೋದಂತೆ. ಆದರೂ ನಾವು ಬಾಯಿ ಬಿಡಲಿಲ್ಲ. ಹೇಗೋ ಆಗುತ್ತದೆ ಅನ್ನುವ ನಮ್ಮ ಊರುಗಳ ಧೈರ್ಯ.

ಸಂಕ್ರಾಂತಿಯ ಆಸುಪಾಸಿನಲ್ಲಿ ಬಣ್ಣ ಬಯಲಾಯಿತು. ಮಿಸ್ಸು ಅಭ್ಯಾಸಕ್ಕೆಂದು ನನ್ನನ್ನು ಎದುರಿಗೆ ಕೂರಿಸಿಕೊಂಡು, ನಿಮ್ಮ ಮನೆಯಲ್ಲಿ ಯಾರು ಯಾರಿದ್ದಾರೆ ಅಂತ ಸ್ಪ್ಯಾನಿಷ್ಷಿನಲ್ಲಿ ಕೇಳಿದರು. ನನಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಗೊತ್ತಿದ್ದುದನ್ನು ಹೇಳಿಬಿಡೋಣವೆಂದು, ಬಸ್ಸು ತಡವಾಗಿದೆ, ಮಳೆ ಬರುತ್ತಿದೆ, ಅಂದೆ. ಮಧುವನ್ನು ಕರೆದು ಹುಷಾರಾಗಿದ್ದೀಯಾ ಅಂತ ಕೇಳಿದರು. ಅವನು ಟೊಮೇಟೊ ಕಿಲೋ ಎಷ್ಟು ಅಂದ. ಮಿಸ್ಸು ಒಬ್ಬೊಬ್ಬರನ್ನೇ ಕೇಳುತ್ತಾ ಬಂದರು. ಅವರ ಮುಖ ಬಿಳಿಚಿಕೊಳ್ಳುತ್ತಾ ಹೋಯಿತು. ಕೊನೆಗೆ ಆಯಿಷಾಳೇ ಎಲ್ಲವನ್ನೂ ಹೇಳಿದಳು.

“ಯಾರ್ಲಾ ಇದ ಏಳ್ಕೊಟ್ಟೋರು?” ಹೊಣಕೆರೆಯ ಮಾತು ಮಿಸ್ಸಿನ ಬಾಯಲ್ಲಿ ಬಂದಿದ್ದು ಅದೇ ಮೊದಲು.

“ಮುಯ್ಯಾಳು ಮಿಸ್” ಅಂದೆ ನಾನು, ಕಾಲಿನ ಹೆಬ್ಬೆರಳು ನೋಡುತ್ತಾ.

ಮಿಸ್ಸು ಕುರ್ಚಿಯಲ್ಲಿ ಕೂತು ನಗಲು ಶುರು ಮಾಡಿದರು. ನಗುತ್ತಾ ನಗುತ್ತಾ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಅದು ನಗುವೋ ಅಳುವೋ ನಮಗೆ ಬಗೆಹರಿಯಲಿಲ್ಲ. “ಮುಯ್ಯಾಳಲ್ಲ ಕಣ್ರೋ ಇದು. ಮುಯ್ಯಾಳು ಅಂದ್ರೆ ಎಲ್ಲರೂ ಎಲ್ಲರ ಗದ್ದೆಗೂ ಇಳೀಬೇಕು. ನೀವು ಅಣ್ಣತಮ್ಮಂದಿರ ಥರ ಪಾಲು ಮಾಡ್ಕೊಂಡು ಕೂತಿದ್ದೀರಿ” ಅಂದರು. ಬಯ್ಯಲಿಲ್ಲ. ಬಯ್ದಿದ್ದರೆ ನಮಗೆ ಹಗುರವಾಗುತ್ತಿತ್ತು. ಉಳಿದ ಎರಡು ತಿಂಗಳಿನಲ್ಲಿ ಭಾನುವಾರ ಭಾನುವಾರ ಒಬ್ಬರ ಮನೆಗೊಬ್ಬರು ಹೋಗಿ ಪಾಠ ಬದಲಾಯಿಸಿಕೊಳ್ಳಬೇಕು, ಮೊದಲು ಅವರು ಹೇಳಿಕೊಟ್ಟಂತೆ ಉರು ಹೊಡೆದು ಆಮೇಲೆ ನಿಮ್ಮ ನಿಮ್ಮ ಮನೆಗೆ ತಕ್ಕಂತೆ ಮಾಡಿಕೊಳ್ಳಿ ಅಂತ ಕಟ್ಟಪ್ಪಣೆ ಮಾಡಿದರು.

ಹಾಗೆ ನಾನು ಒಂದು ಭಾನುವಾರ ಶ್ರೀರಂಗಪಟ್ಟಣಕ್ಕೆ ಹೋದೆ. ಆಯಿಷಾಳ ತಂದೆಯದು ಪೇಟೆಯೊಳಗೆ ಚಿಕ್ಕ ಬೇಕರಿ, ಹಿಂದೆಯೇ ಮನೆ. ಒಲೆಯ ಬಿಸಿಗೆ ಗೋಡೆಯೆಲ್ಲ ಬೆಚ್ಚಗಿತ್ತು. ಮೈದಾ ಮೆತ್ತಿದ ಕೈಯಲ್ಲೇ ಅವರು ಎರಡು ಬನ್ನು ತಂದು ಮುಂದಿಟ್ಟು “ತಿನ್ನು ಬೇಟಿ, ಓದೋರಿಗೆ ಹೊಟ್ಟೆ ತುಂಬಿರ್ಬೇಕು” ಅಂದರು. ಬನ್ನಿಗೆ ಆ ಭಾಷೆಯಲ್ಲಿ ಏನನ್ನುತ್ತಾರೆಂದು ನಮ್ಮಿಂದ ಕೇಳಿ ತಿಳಿದುಕೊಂಡು, ಬಂದ ಗಿರಾಕಿಗಳಿಗೆಲ್ಲ ಅದನ್ನೇ ಹೇಳಿ ನಗಿಸಿದರು. ಆಯಿಷಾ ತನ್ನ ಮನೆಯನ್ನೇ ತೋರಿಸುತ್ತಾ ಪಾಠ ಹೇಳಿಕೊಟ್ಟಳು. ನನ್ನ ಅಬ್ಬಾ ಬೇಕರಿಯವರು. ದಿನಾ ರಾತ್ರಿ ಮನೆಗೆ ಬರುತ್ತಾರೆ. ನಾವೆಲ್ಲ ಒಟ್ಟಿಗೆ ಕೂತು ಉಣ್ಣುತ್ತೇವೆ. ನಾನು ಆ ಮಾತುಗಳನ್ನು ಬಸ್ಸಿನಲ್ಲಿ ಪಾಂಡವಪುರದವರೆಗೂ ಹೇಳಿಕೊಳ್ಳುತ್ತಾ ಬಂದೆ. ಕಬ್ಬಿನ ಲೋಡಿನ ಟ್ರಾಕ್ಟರುಗಳ ಹಿಂದೆ ಬಸ್ಸು ತೆವಳುತ್ತಿತ್ತು, ನನಗೆ ಬೇಸರವೇ ಆಗಲಿಲ್ಲ.

ಮಿಸ್ಸು ಹೇಳಿದಂತೆ ಅದನ್ನು ನಮ್ಮ ಮನೆಗೆ ತಕ್ಕಂತೆ ಬದಲಾಯಿಸಬೇಕಿತ್ತು. ನಾನು ಬದಲಾಯಿಸಲಿಲ್ಲ. ಬೆಳಿಗ್ಗೆ ಹಲ್ಲುಜ್ಜುವಾಗ, ಹಸುವಿಗೆ ಹುಲ್ಲು ಹಾಕುವಾಗ, ಮಿ ಪಾದ್ರೆ ಎಸ್ ಪನದೇರೊ ಅಂದುಕೊಳ್ಳುತ್ತಿದ್ದೆ. ಸ್ಪ್ಯಾನಿಷ್ಷಿನಲ್ಲಿ ನನ್ನ ಅಪ್ಪ ದಿನಾ ರಾತ್ರಿ ಮನೆಗೆ ಬರುತ್ತಿದ್ದರು. ಅದು ಸುಳ್ಳು ಅಂತ ಗೊತ್ತಿತ್ತು. ಸುಳ್ಳಿನಷ್ಟು ಕಹಿಯಾಗಿಯೂ ಇರಲಿಲ್ಲ. ಪರೀಕ್ಷೆಯ ವಾಕ್ಯ ತಾನೇ? ಪುಸ್ತಕದಲ್ಲಿ ಬರುವ ಪೇದ್ರೋ, ಮರಿಯಾಗಳಿಗೆ ಬೇಕಾದಂಥ ಅಪ್ಪಂದಿರಿದ್ದರೆ ನನಗ್ಯಾಕೆ ಇರಬಾರದು? ಹೀಗೆಲ್ಲ ನನ್ನಷ್ಟಕ್ಕೆ ವಾದ ಮಾಡಿಕೊಂಡು, ಮತ್ತೆ ಅಳು ಬಂದ ಹಾಗಾಗಿ, ಮತ್ತೆ ಅದನ್ನೇ ಹೇಳಿಕೊಳ್ಳುತ್ತಿದ್ದೆ.

ಮುಂದಿನ ಭಾನುವಾರ ಆಯಿಷಾ ನಮ್ಮೂರಿಗೆ ಬಂದಳು. ಅವರೆಕಾಯಿ ಕಾಲ. ಅಜ್ಜಿ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾಯಿ ಸುಲಿಸಿದಳು, ಮುದ್ದೆ ಮುರಿಯುವುದು ಹೇಗೆಂದು ತೋರಿಸಿದಳು. ನಾನು ಬಸ್ಸಿನ ಪಾಠ ಹೇಳಿಕೊಡುತ್ತಿದ್ದೆ. ನಡುವೆ ಆಯಿಷಾ ಸುಮ್ಮನೆ “ಅಂಕಲ್ ಎಲ್ಲಿ?” ಅಂತ ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಅಜ್ಜಿ ಶುರು ಮಾಡಿದಳು.

“ಅವ್ನಾ? ಕೆ.ಆರ್.ಪೇಟೇಲವ್ನೆ ಕಣವ್ವ, ಇನ್ನೊಂದ್ ಸಂಸಾರ ಕಟ್ಕಂಡು. ಓಗ್ಲಿ ಬುಡು. ಇವ್ಳವ್ವ ಬೆಳಕ್ ಅರಿಯಕ್ ಮುಂಚೆ ಎದ್ದು ಎರಡ್ ಹಸ ಕರೀತಾಳೆ, ಡೇರಿಗೆ ಆಕ್ತಾಳೆ, ಮಗೀನ ಓದುಸ್ತಾಳೆ. ಅವ್ನ್ ಬಂದು ಮಾಡೋದೇನಿತ್ತು?”

ನನಗೆ ನೆಲ ಬಾಯಿ ಬಿಟ್ಟರೆ ಸಾಕು ಅನ್ನಿಸಿತು. ಅವ್ವ ಒಳಗೆ ಪಾತ್ರೆ ತೊಳೆಯುತ್ತಿದ್ದಳು, ಕೇಳಿಸಿಯೂ ಕೇಳಿಸದಂತೆ. ಆಯಿಷಾ “ಹೂಂ ಅಜ್ಜಿ” ಅಂದು ಇನ್ನೊಂದು ತುತ್ತು ಮುದ್ದೆ ನುಂಗಿದಳು. ಸಾಯಂಕಾಲ ಅವ್ವ ಹಾಲು ಕರೆಯುವಾಗ ತಾನೂ ಕೂತು ಕೆಚ್ಚಲಿಗೆ ಕೈ ಹಾಕಿ, ಹಾಲು ಬರದೆ, ಹಸು ಬಾಲ ಬೀಸಿದ್ದಕ್ಕೆ ಕಿರುಚಿಕೊಂಡು ನಕ್ಕಳು. ಹೋಗುವಾಗ ಆ ಮಾತನ್ನು ಎತ್ತಲೇ ಇಲ್ಲ. ಸೋಮವಾರ ಇಡೀ ಸ್ಕೂಲಿಗೆ ತಿಳಿದಿರುತ್ತದೆಂದು ಹೆದರಿ ಹೋದೆ. ಯಾರಿಗೂ ತಿಳಿದಿರಲಿಲ್ಲ.

ಮಾರ್ಚಿನ ಬಿಸಿಲಿನಲ್ಲಿ ಪರೀಕ್ಷೆಯ ದಿನ ಬಂತು. ಸೆಕ್ರೆಟರಿ ಸಾರ್ ಕರೆಸಿದ್ದು ಮೈಸೂರಿಗೆ ಯೋಗ ಕಲಿಯಲು ಬಂದಿದ್ದ ಸ್ಪೇನ್ ದೇಶದ ಒಬ್ಬ ಹೆಂಗಸನ್ನು. ಬಿಳಿ ಕೂದಲು, ಹತ್ತಿ ಕುರ್ತಾ, ಹವಾಯಿ ಚಪ್ಪಲಿ. ಆಕೆ ಬಾಯಿ ತೆಗೆದದ್ದೇ ತಡ, ನಾವು ಕಕ್ಕಾಬಿಕ್ಕಿಯಾದೆವು. ಮಿಸ್ಸು ‘ಗ್ರಾಸಿಯಾಸ್’ ಅನ್ನುವುದನ್ನು ಆಕೆ ‘ಗ್ರಾಥಿಯಾಸ್’ ಅನ್ನುತ್ತಿದ್ದಳು. ಬೇರೆ ಮಾತುಗಳೂ ಹಾಗೇ, ನಾವು ಕೇಳಿದ ಹಾಗಿರಲಿಲ್ಲ, ರಭಸವಂತೂ ಹೇಳತೀರದು. ಮಿಸ್ಸೇ ಎರಡು ಸಲ ಮತ್ತೆ ಕೇಳಿದರು. ಹಾಗಾದರೆ ವರ್ಷವೆಲ್ಲ ನಾವು ಕಲಿತದ್ದು ಏನು? ಮೆಕ್ಸಿಕೋದವರದು ಒಂದು ಥರ, ಸ್ಪೇನಿನವರದು ಒಂದು ಥರ, ಎರಡೂ ಸರಿಯೇ ಅಂತ ನನಗೆ ತಿಳಿದದ್ದು ಎಷ್ಟೋ ಆಮೇಲೆ. ಆ ಗಳಿಗೆಯಲ್ಲಿ ಸೆಕ್ರೆಟರಿ ಸಾರ್ ಹುಬ್ಬು ಗಂಟಿಕ್ಕಿ ಮಿಸ್ಸನ್ನು ನೋಡಿದ್ದಷ್ಟೇ ನನಗೆ ಕಂಡಿತು.

ಬೆಂಚಿನ ಸಾಲಿನಂತೆ ಒಬ್ಬೊಬ್ಬರನ್ನೇ ಮುಂದೆ ಕರೆದರು. ಮೊದಲು ಹೋದ ಇಬ್ಬರು ಮೂವರು ತಮ್ಮ ತಮ್ಮ ಮನೆಯನ್ನೇ ಹೇಳಿ ಹೇಗೋ ದಾಟಿಕೊಂಡರು. ಆಮೇಲೆ ಮಧು ಹೋದ. ನಿನ್ನ ಮನೆಯ ವಿಷಯ ಹೇಳು ಅಂದಳು ಆಕೆ. ಲಾಯರ ಮಗನಿಗೆ ಎದೆ ಹೊಡೆದುಕೊಂಡು ಲಾಯರು ಅನ್ನುವ ಮಾತೇ ಮರೆತು ಹೋಯಿತು. ಬಾಯಿಗೆ ಬಂದದ್ದು ಆಯಿಷಾ ಕಲಿಸಿದ್ದು. ಮಿ ಪಾದ್ರೆ ಎಸ್ ಪನದೇರೊ. ಅವನ ಹಿಂದೆ ಹೋದ ಹುಡುಗನೂ ಹೆದರಿ ಅದನ್ನೇ ಹೇಳಿದ. ಆಕೆ ಕತ್ತೆತ್ತಿ ನೋಡಿದಳು. ಆಮೇಲೆ ನನ್ನ ಸರದಿ.

ನಾನು ಹೆದರಿರಲಿಲ್ಲ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಮಧುವಿನ ಹಾಗೆ ನನಗೆ ಮರೆತು ಹೋಗಲಿಲ್ಲ. ಆಕೆಯ ಕಣ್ಣು ನೀಲಿಯಾಗಿತ್ತು, ಆಕೆಗೆ ನಮ್ಮೂರು ಗೊತ್ತಿರಲಿಲ್ಲ, ಕೆ.ಆರ್.ಪೇಟೆ ಗೊತ್ತಿರಲಿಲ್ಲ. ನನ್ನ ಅಪ್ಪ ಬೇಕರಿಯವರು ಅಂದೆ. ಆಕೆ ಏನೋ ಕೇಳಿದಳು, ರಾತ್ರಿ ಅನ್ನುವ ಮಾತು ಮಾತ್ರ ಸಿಕ್ಕಿತು. ದಿನಾ ರಾತ್ರಿ ಮನೆಗೆ ಬರುತ್ತಾರೆ, ಬನ್ನು ತರುತ್ತಾರೆ, ನಾವೆಲ್ಲ ಒಟ್ಟಿಗೆ ಕೂತು ಉಣ್ಣುತ್ತೇವೆ ಅಂದೆ. ಹೇಳುತ್ತಾ ಹೇಳುತ್ತಾ ನನ್ನ ಗಂಟಲು ಕಟ್ಟಿತು. ಅದನ್ನೇ ಒಳ್ಳೆಯ ಉಚ್ಚಾರಣೆ ಅಂದುಕೊಂಡಳೋ ಏನೋ, ಆಕೆ ತಲೆದೂಗಿದಳು. ಪಕ್ಕದಲ್ಲಿ ನಿಂತಿದ್ದ ಮಿಸ್ಸು ನನ್ನನ್ನೇ ನೋಡುತ್ತಿದ್ದರು. ಅವ್ವ ಒಮ್ಮೆ ಸ್ಕೂಲಿಗೆ ಬಂದಾಗ ಹೇಳಿ ನಮ್ಮ ಮನೆಯ ಕಥೆ ಅವರಿಗೆ ಗೊತ್ತಿತ್ತು.

ನಾನು ತಿರುಗಿ ಬರುವಷ್ಟರಲ್ಲಿ ಆಕೆ ಸೆಕ್ರೆಟರಿ ಸಾರ್‌ಗೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು. ಈ ಊರಿನಲ್ಲಿ ಬೇಕರಿಗಳು ಬಹಳವೇ? ಮೂವರು ಮಕ್ಕಳೂ ಅದನ್ನೇ ಹೇಳುತ್ತಿದ್ದಾರಲ್ಲ? ಇದು ಬಾಯಿಪಾಠ ಅಂತ ನನ್ನ ಅನುಮಾನ. ಸೆಕ್ರೆಟರಿ ಸಾರ್ ಅವರ ನಗು ಇಳಿದುಹೋಯಿತು. ಮಧ್ಯೆ ಇದ್ದವರು ಊಟ, ಬಟ್ಟೆ, ಮಳೆ ಅಂತ ಏನೇನೋ ತೊದಲಿ ಬಂದರು. ಕೊನೆಗೆ ಉಳಿದವಳು ಆಯಿಷಾ. ಈ ಹುಡುಗಿಯನ್ನು ಸರಿಯಾಗಿ ಮಾತಾಡಿಸುತ್ತೇನೆ, ಇವಳ ಮೇಲೆ ನನ್ನ ತೀರ್ಮಾನ ಅಂದಳು ಆಕೆ.

ಇಡೀ ಕ್ಲಾಸಿನಲ್ಲಿ ನಿಜವಾದ ಬೇಕರಿಯವರ ಮಗಳು ಆಯಿಷಾ ಒಬ್ಬಳೇ. ಅವಳು ನಿಜ ಹೇಳಿದರೆ ಎಲ್ಲವೂ ಮುಗಿಯುತ್ತಿತ್ತು. ಮಿಸ್ಸು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು. ನಾನು ಬೆಂಚನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ.

ಆಯಿಷಾ ದುಪಟ್ಟಾ ಸರಿ ಮಾಡಿಕೊಂಡು ಕೂತಳು. ನಿನ್ನ ಮನೆಯ ವಿಷಯ ಹೇಳು ಅಂದಳು ಆಕೆ. ಆಯಿಷಾ ಶುರು ಮಾಡಿದಳು, ತಡವರಿಸುತ್ತಾ, ಒಂದೊಂದೇ ಮಾತು ಹುಡುಕಿ ಹುಡುಕಿ. ನಮ್ಮ ಮನೆ ಹಳ್ಳಿಯಲ್ಲಿದೆ. ನಮ್ಮ ಹತ್ತಿರ ಎರಡು ಹಸು ಇವೆ. ನನ್ನ ಅಮ್ಮ ಬೆಳಕಾಗುವ ಮುಂಚೆ ಏಳುತ್ತಾರೆ. ಹಾಲು ಕರೆಯುವುದಕ್ಕೆ ಮಾತು ಗೊತ್ತಿಲ್ಲದೆ ಎರಡೂ ಕೈಯಲ್ಲಿ ಕರೆದು ತೋರಿಸಿದಳು, ಆಮೇಲೆ ಹಸುವಿನ ಬಾಲ ಮುಖಕ್ಕೆ ಬಡಿದದ್ದನ್ನೂ ತೋರಿಸಿದಳು. ಆಕೆ ಗಟ್ಟಿಯಾಗಿ ನಕ್ಕಳು. ನನ್ನ ಅಜ್ಜಿ ತುಂಬಾ ಮಾತಾಡುತ್ತಾರೆ ಅಂದಳು ಆಯಿಷಾ. ಅಪ್ಪ? ಅಂತ ಆಕೆ ಕೇಳಿದಳು.

“ಮಿ ಪಾದ್ರೆ ವಿವೆ ಎನ್ ಕೆ.ಆರ್.ಪೇಟೆ.”

ಅಪ್ಪ ಕೆ.ಆರ್.ಪೇಟೆಯಲ್ಲಿರುತ್ತಾರೆ. ಇನ್ನೊಂದು ಮನೆ ಇದೆ. ಮನೆ ಪಾಠದ ಸಣ್ಣ ಸಣ್ಣ ಮಾತುಗಳಲ್ಲೇ, ಬಸ್ಸು ಎಲ್ಲಿ ನಿಲ್ಲುತ್ತದೆಂದು ಹೇಳುವಷ್ಟು ಸಲೀಸಾಗಿ ಹೇಳಿದಳು. ಆಕೆಯ ನಗು ನಿಂತಿತು. ಮುಂದಕ್ಕೆ ಬಾಗಿ, ಆಯಿಷಾಳ ಕೈ ಮೇಲೆ ಕೈಯಿಟ್ಟು, ಮೆಲ್ಲಗೆ ಏನೋ ಕೇಳಿದಳು. ಆಯಿಷಾ ತಲೆಯಾಡಿಸಿದಳು.

“ಎಸ್ತಾಮೊಸ್ ಬಿಯೆನ್” ಅಂದಳು. ನಾವು ಚೆನ್ನಾಗಿದ್ದೀವಿ.

ಸೆಕ್ರೆಟರಿ ಸಾರ್ “ಏನಂತೆ? ಏನಂತೆ ಮಿಸ್?” ಅನ್ನುತ್ತಿದ್ದರು. “ಮನೆ ವಿಷಯ ಸರ್. ಸರಿಯಾಗೇ ಹೇಳಿದ್ಲು” ಅಂದರು ಮಿಸ್ಸು. ಆಕೆ ಸೆಕ್ರೆಟರಿ ಸಾರ್ ಕಡೆ ತಿರುಗಿ, ಇದು ಬಾಯಿಪಾಠವಲ್ಲ, ಈ ಹುಡುಗಿ ತನ್ನ ಸ್ವಂತ ಬದುಕನ್ನು ಹೇಳಿದಳು, ನಿಮ್ಮ ಟೀಚರನ್ನು ಬಿಡಬೇಡಿ ಅಂದಳು. ಸ್ಪ್ಯಾನಿಷ್ ಉಳಿಯಿತು. ಶುಭಾ ಮಿಸ್ಸು ನಮ್ಮ ಹತ್ತನೇ ಕ್ಲಾಸಿನವರೆಗೂ ಎರಡು ಬಸ್ಸು ಬದಲಾಯಿಸಿಕೊಂಡು ಬರುತ್ತಲೇ ಇದ್ದರು.

ನನಗೆ ಮಾತ್ರ ಏನೂ ಬಗೆಹರಿಯಲಿಲ್ಲ. ಕ್ಲಾಸು ಉಳಿಸಲೆಂದು ಆಯಿಷಾ ಬಾಯಿಗೆ ಸಿಕ್ಕಿದ ಮನೆಯನ್ನು ಹೇಳಿದಳೋ? ನಾನು ಅವಳ ಅಬ್ಬಾನನ್ನು ಎತ್ತಿಕೊಂಡದ್ದಕ್ಕೆ ಮುಯ್ಯಿ ತೀರಿಸಿದಳೋ? ಸಿಟ್ಟಾಗಬೇಕೆಂದು ನೋಡಿದೆ, ಬರಲಿಲ್ಲ. ಕೈ ಮುಗಿಯೋಣವೆನ್ನಿಸಿತು, ಅದೂ ಆಗಲಿಲ್ಲ. ನಾನು ಮೂರು ವರ್ಷ ಬಾಯಿ ಬಿಟ್ಟು ಹೇಳಲಾಗದ್ದನ್ನು ಅವಳು ಎಲ್ಲರ ಮುಂದೆ ಹೇಳಿದ್ದಳು, ಆಕಾಶವೇನೂ ಕಳಚಿ ಬಿದ್ದಿರಲಿಲ್ಲ. ಬಸ್ ಸ್ಟಾಪಿನಲ್ಲಿ ಇಬ್ಬರೂ ಬಸ್ಸಿಗೆ ಕಾಯುತ್ತಾ ನಿಂತಿದ್ದೆವು. ಕೊನೆಗೆ ನಾನೇ ಕೇಳಿದೆ.

“ಲಾಸ್ಟಲ್ಲಿ ಯಾಕೆ ಹಂಗಂದೆ?”

“ಯಾವ್ದು?”

“ಚೆನ್ನಾಗಿದ್ದೀವಿ ಅಂತ.”

“ಅದಾ? ಫಸ್ಟ್ ಲೆಸನ್ನಲ್ವಾ ಅದು. ನೆನಪಿತ್ತು, ಹೇಳ್ದೆ.” ಅವಳ ಬಸ್ಸು ಬಂತು, ಹತ್ತಿ ಹೋದಳು.

ನಾನು ಮನೆಗೆ ಬರುವ ಹೊತ್ತಿಗೆ ಅವ್ವ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದಳು. ಬ್ಯಾಗು ಇಳಿಸದೆ ಬಾಗಿಲಲ್ಲಿ ನಿಂತೆ. ದಿನಾ ನೋಡುವ ಬೆನ್ನು, ದಿನಾ ಕೇಳುವ ಹಾಲಿನ ಸದ್ದು. ಅವತ್ತು ಬೇರೆ ಯಾರದೋ ಮನೆಯನ್ನು ನೋಡುತ್ತಿರುವಂತೆ ನೋಡಿದೆ.

“ಅವ್ವಾ, ನಾವು ಚೆನ್ನಾಗಿದ್ದೀವಾ?”

ಅವ್ವ ತಿರುಗಲೂ ಇಲ್ಲ, ಕೈ ನಿಲ್ಲಿಸಲೂ ಇಲ್ಲ.

“ನಮ್ಗೇನಾಗದೆ? ಆ ಬಕೀಟ ಇತ್ಲಾಗ್ ಕೊಡು.”

ಅದು ಪ್ರಶ್ನೆಯೋ ಉತ್ತರವೋ ನನಗೆ ತಿಳಿಯಲಿಲ್ಲ. ಬಕೆಟ್ಟು ಎತ್ತಿ ಕೊಟ್ಟೆ.